ರಿಪೋರ್ಟೆಲ್ಲಾ ನಾರ್ಮಲ್

ಶಿವಮೊಗ್ಗದ ಕಡೆ ನಲವತ್ತೈದು ದಾಟಿದ ಹೆಂಗಸಿಗೆ ಮಂಡಿ ನೋವು ಬಂದರೆ ಕಾರಣ ಹುಡುಕಲು ಡಾಕ್ಟರ ಹತ್ತಿರ ಹೋಗಬೇಕಾಗಿಲ್ಲ, ನೆಂಟರೇ ಸಾಕು. ವಾಯು ಅನ್ನುವವರು ಮೊದಲು ಆಲೂಗಡ್ಡೆ ಬಿಡಿಸುತ್ತಾರೆ, ಆಮೇಲೆ ಕಡಲೆಬೇಳೆ. ತೂಕ ಅನ್ನುವವರು ಅನ್ನವನ್ನೇ ಬಿಡಿಸುತ್ತಾರೆ. ಚಿಕುನ್‌ಗುನ್ಯಾ ಅನ್ನುವವರು ಏನನ್ನೂ ಬಿಡಿಸುವುದಿಲ್ಲ, ಪಕ್ಕದಲ್ಲಿ ಕೂತು ತಮ್ಮ ಕಥೆ ಶುರು ಮಾಡುತ್ತಾರೆ. 2006ರಲ್ಲಿ ಆ ಜ್ವರ ಕರ್ನಾಟಕದಲ್ಲಿ ಲಕ್ಷಾಂತರ ಜನರ ಕೀಲು ಹಿಡಿದು ಬಗ್ಗಿಸಿದ್ದು ನಿಜ. ಹಾಗಂತ ಅಲ್ಲಿಂದೀಚೆಗೆ ಯಾರಿಗೆ ಎಲ್ಲಿ ನೋವು ಬಂದರೂ ಆ ಸೊಳ್ಳೆಯ ತಲೆಗೇ ಕಟ್ಟಿದರೆ ಹೇಗೆ? ನನಗೆ ಆ ಜ್ವರ ಬಂದೇ ಇರಲಿಲ್ಲ ಅಂದರೆ ಸಾಗರದ ಅತ್ತಿಗೆ ಒಪ್ಪುವುದಿಲ್ಲ. "ನಿಂಗೆ ಗೊತ್ತಾಗ್ದೇ ಬಂದು ಹೋಗಿರ್ತದೆ ಮಾರಾಯ್ತಿ" ಅನ್ನುತ್ತಾರೆ. ಹಾಸಿಗೆಯಿಂದ ಏಳಲಾಗದ ಹಾಗೆ ಕೆಡವುವ ಜ್ವರ ನನಗೆ ಗೊತ್ತಾಗದೇ ಬಂದು ಹೋಗಿದ್ದರೆ ನನ್ನ ಸಹನೆಗೆ ರಾಜ್ಯೋತ್ಸವ ಪ್ರಶಸ್ತಿ ಕೊಡಬೇಕು.

ಮಂಡಿಯೊಂದೇ ಆಗಿದ್ದರೆ ಹೇಗೋ ಸುಧಾರಿಸಬಹುದಿತ್ತು. ಅದು ಸ್ವಲ್ಪ ಸುಮ್ಮನಾಯಿತು ಅನ್ನುವಾಗ ಹಿಮ್ಮಡಿ ಶುರು. ಬೆಳಿಗ್ಗೆ ಮಂಚದಿಂದ ಇಳಿದು ಮೊದಲ ನಾಲ್ಕು ಹೆಜ್ಜೆ ಗೋಡೆ ಹಿಡಿದೇ ಇಡಬೇಕು. ಹಿಮ್ಮಡಿ ಬಿಟ್ಟರೆ ಹೆಬ್ಬೆರಳಿನ ಬುಡ. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತಿರುಗಿಸುವಾಗ, ಒದ್ದೆ ಬಟ್ಟೆ ಹಿಂಡುವಾಗ, ಕುಕ್ಕರಿನ ಹಿಡಿ ಒತ್ತುವಾಗ ಅಲ್ಲೊಂದು ಕೀಲಿದೆ ಎಂದು ಗೊತ್ತಾಗುವುದು. ಅಷ್ಟರಲ್ಲಿ ಬಲಭುಜ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಭುಜ ಮೇಲೇಳುವುದು ಕಡಿಮೆಯಾದ ಹಾಗೆ ಬೋರ್ಡಿನ ಮೇಲೆ ನನ್ನ ಅಕ್ಷರ ಕೆಳಗಿಳಿಯುತ್ತ ಬಂತು. ಕಡೆಗೆ ಕಿರುಪರೀಕ್ಷೆಯ ಪ್ರಶ್ನೆಗಳೆಲ್ಲ ಬೋರ್ಡಿನ ಕೆಳಗಿನ ಅರ್ಧದಲ್ಲೇ. ಹಿಂದಿನ ಬೆಂಚಿನ ಹುಡುಗರು "ಮಿಸ್, ಕಾಣಲ್ಲ" ಅಂತ ಎದ್ದು ನಿಂತು, ಮುಂದಿನವರ ಹಾಳೆ ನೋಡಿಕೊಂಡೇ ಉತ್ತರ ಬರೆದರು. ನನ್ನ ಭುಜದ ಪುಣ್ಯದಿಂದ ಆ ಸಲ ಒಳ್ಳೆಯ ಅಂಕ ತೆಗೆದರು.

ಭುಜದ ಸಂಗತಿ ನೆಂಟರಿಗೆಲ್ಲ ತಿಳಿದದ್ದು ಅಣ್ಣನ ಮಗಳ ಮದುವೆಯಲ್ಲಿ. ನನ್ನ ಮಗಳು ಆಸೆಪಟ್ಟು ಹೊಲಿಸಿದ್ದ ಬ್ಲೌಸಿಗೆ ಹುಕ್ಕು ಬೆನ್ನ ಕಡೆ. ಬೆಳಿಗ್ಗೆ ಅವಳೇ ಹಾಕಿ ಕಳಿಸಿದಳು. ರಾತ್ರಿ ಆರತಕ್ಷತೆ ಮುಗಿದು ಛತ್ರದ ಕೋಣೆಗೆ ಬಂದರೆ ಮಗಳು ಫೋಟೋ ಗಲಾಟೆಯಲ್ಲಿ ಎಲ್ಲೋ, ನನ್ನ ಕೈ ಸೊಂಟದಿಂದ ಮೇಲೆ ಹತ್ತದು. ನಮ್ಮನೆಯವರನ್ನು ಕರೆಯೋಣ ಅಂದರೆ ಅದು ಹೆಂಗಸರೆಲ್ಲ ಮಲಗುವ ಕೋಣೆ. ಕೊನೆಗೆ ಗಂಡಿನ ಕಡೆಯ ಒಬ್ಬರು ಅಜ್ಜಿ, ಪರಿಚಯವೂ ಇಲ್ಲದವರು, ಹುಕ್ಕು ಬಿಚ್ಚಿಕೊಟ್ಟರು. "ನಂಗೂ ಹಿಂಗೇ ಆಗಿತ್ತು ಮಗಾ, ಅದರಷ್ಟಕ್ಕೇ ಹೋಗ್ತದೆ" ಅಂದರು. ಮುಂದೆ ಡಾಕ್ಟರು ಹೇಳಿದ್ದೂ ಹೆಚ್ಚುಕಡಿಮೆ ಅಷ್ಟೇ. ಇದು ಫ್ರೋಜನ್ ಶೋಲ್ಡರ್, ನಲವತ್ತರಿಂದ ಅರವತ್ತರ ನಡುವಿನ ಹೆಂಗಸರಿಗೆ ಹೆಚ್ಚು, ಸಕ್ಕರೆ ಕಾಯಿಲೆ ಇದ್ದವರಿಗೆ ಇನ್ನೂ ಹೆಚ್ಚು, ತಾನಾಗಿ ಸಡಿಲವಾಗಲು ಒಂದರಿಂದ ಮೂರು ವರ್ಷ ಬೇಕು. ನಮ್ಮ ಬೀದಿಯ ಚರಂಡಿ ಕಾಮಗಾರಿಯ ಹಾಗೆ, ಮುಗಿಯುವುದು ಖಂಡಿತ, ಯಾವತ್ತು ಅಂತ ಕೇಳಬಾರದು.

ಮನೆಯಲ್ಲಿ ನನ್ನ ಮರ್ಯಾದೆ ತೆಗೆದವರು ಮಾತ್ರ ಅತ್ತೆ. ಅವರಿಗೆ ಎಪ್ಪತ್ತೆಂಟು. ನೆಲದ ಮೇಲೆ ಕೂತು ಹೂ ಕಟ್ಟಿ, ಕೈ ಊರದೆ ಎದ್ದು ಹೋಗುತ್ತಾರೆ. ನಾನು ಬಿದ್ದ ಚಮಚ ಎತ್ತಲು ಬಗ್ಗಬೇಕಾದರೂ ಮೊದಲು ಯೋಚನೆ ಮಾಡುತ್ತೇನೆ. ಹೇಗೂ ಕೆಳಗೆ ಹೋಗುತ್ತಿದ್ದೇನೆ, ಸೋಫಾದ ಅಡಿ ಗುಡಿಸಿ, ಮಂಚದ ಅಡಿಯ ಚಪ್ಪಲಿ ಎಳೆದು, ಹೋದ ವಾರ ಕಳೆದ ಸೇಫ್ಟಿ ಪಿನ್ನನ್ನೂ ಹುಡುಕಿಯೇ ಮೇಲೆ ಬರುವುದು. ಏಳುವಾಗ "ಅಮ್ಮಾ" ಅನ್ನುವ ಸದ್ದು ತಾನಾಗಿ ಬರುತ್ತದೆ. ಆ ಸದ್ದಿಗೆ ಹಾಲಿನಲ್ಲಿ ಕೂತವರು ಯಾರೂ ಈಗ ತಲೆ ಎತ್ತಿ ನೋಡುವುದಿಲ್ಲ, ಗಡಿಯಾರದ ಗಂಟೆಗೆ ಯಾರು ನೋಡುತ್ತಾರೆ. ಸತ್ಯನಾರಾಯಣ ಪೂಜೆಗೆ ಹೋದರೆ ಪ್ಲಾಸ್ಟಿಕ್ ಕುರ್ಚಿ ಹುಡುಕುವವರ ಸಾಲಿನಲ್ಲಿ ನಾನು, ಮುಂದೆ ಚಾಪೆಯ ಮೇಲೆ ಪದ್ಮಾಸನದಲ್ಲಿ ಅತ್ತೆ. ಕಂಡವರು ನಮ್ಮಿಬ್ಬರಲ್ಲಿ ಅತ್ತೆ ಯಾರು ಅಂತ ತಬ್ಬಿಬ್ಬಾದರೆ ಅವರ ತಪ್ಪೇನೂ ಇಲ್ಲ.

ಹೆಬ್ಬೆರಳು ಕೈಕೊಟ್ಟದ್ದು ಗೋಕುಲಾಷ್ಟಮಿಯ ಮುನ್ನಾದಿನ. ನಮ್ಮ ಮನೆಯ ಚಕ್ಕುಲಿ ಒರಳು ಅತ್ತೆಯ ಅತ್ತೆಯ ಕಾಲದ್ದು, ಮರದ್ದು, ಎರಡೂ ಹೆಬ್ಬೆರಳು ಊರಿ ಮೈಭಾರ ಬಿಟ್ಟು ಒತ್ತಬೇಕು. ಒತ್ತಿದೆ. ನಕ್ಷತ್ರದ ತೂತಿನಿಂದ ಅರ್ಧ ಇಂಚು ಹಿಟ್ಟು ಇಣುಕಿ ನೋಡಿ ಅಲ್ಲೇ ನಿಂತಿತು. ಎಣ್ಣೆ ಕಾದು ಹೊಗೆಯಾಡುತ್ತಿದೆ. "ಇದೇನು ಮಹಾ, ಕೊಡಿಲ್ಲಿ" ಅಂತ ನಮ್ಮನೆಯವರು ತೋಳು ಮಡಚಿ ಬಂದರು. ಒತ್ತುವ ಬಲವೇನೋ ಚೆನ್ನಾಗಿಯೇ ಇತ್ತು. ಆದರೆ ಅವರು ಹೊರಗಿನ ಸುತ್ತಿನಿಂದ ಶುರು ಮಾಡಿ ಒಳಗೆ ಬಂದರು. ನಡುವೆ ಬರುವಷ್ಟರಲ್ಲಿ ಜಾಗ ಮುಗಿದಿತ್ತು, ಹಿಟ್ಟು ಮುಗಿದಿರಲಿಲ್ಲ. ಉಳಿದದ್ದೆಲ್ಲ ಮೇಲಕ್ಕೆ ಹತ್ತಿ ಒಂದು ಗೋಪುರವಾಯಿತು. ಬಾಳೆಲೆಯಿಂದ ಅದನ್ನು ಎತ್ತಿ ಎಣ್ಣೆಗೆ ಬಿಟ್ಟರೆ ಹೊರಗೆ ಕರಕಲು, ಒಳಗೆ ಹಸಿ. ಎರಡನೇ ಒಬ್ಬೆಗೂ ಗೋಪುರವೇ. ಅತ್ತೆ ಬಾಗಿಲಲ್ಲಿ ನಿಂತು ನೋಡಿ, "ಕೃಷ್ಣ ಮಣ್ಣನ್ನೇ ತಿಂದವನು, ಬಿಡು" ಅಂದರು.

ಆಗ ಮೂಳೆ ಡಾಕ್ಟರ ಹತ್ತಿರ ಹೋದೆ. ಎಕ್ಸ್‌ರೇ, ಯೂರಿಕ್ ಆಸಿಡ್, ಆರ್‌ಎ ಫ್ಯಾಕ್ಟರ್, ಥೈರಾಯ್ಡ್ ಎಲ್ಲ ಆಯಿತು. ವಿಟಮಿನ್ ಡಿ ಒಂದು ಕಡಿಮೆ, ಅದು ಈಗ ಯಾರನ್ನು ಕೇಳಿದರೂ ಕಡಿಮೆ. "ರಿಪೋರ್ಟೆಲ್ಲಾ ನಾರ್ಮಲ್ ಇದೆಯಮ್ಮ, ವಯಸ್ಸಾಯ್ತಲ್ಲ" ಅಂತ ನಕ್ಕು ಚೀಟಿ ಬರೆದರು. ನಾರ್ಮಲ್ ಅಂದದ್ದಕ್ಕೆ ಖುಷಿಪಡಬೇಕು, ಪಟ್ಟೆ ಕೂಡ. ಆದರೆ ರಿಪೋರ್ಟು ಕವರಿಗೆ ಹಾಕಿಕೊಂಡು ಆ ಕುರ್ಚಿಯಿಂದ ಏಳುವಾಗ ಮತ್ತೆ "ಅಮ್ಮಾ". ವಯಸ್ಸಾಯಿತು ಅಂದ ಡಾಕ್ಟರು ನನಗಿಂತ ದೊಡ್ಡವರು. ಎದ್ದು ಬಂದು ಬಾಗಿಲು ತೆರೆದುಕೊಟ್ಟರು.

ನಿಜ ಹೇಳಿದವರು ಹೆಂಗಸರ ಡಾಕ್ಟರು. ನಾನು ಅಲ್ಲಿಗೆ ಹೋಗಿದ್ದು ಬೇರೆ ಕಾರಣಕ್ಕೆ. ಮುಟ್ಟು ಒಂದು ತಿಂಗಳಲ್ಲಿ ಎರಡು ಸಲ ಬಂದು, ಆಮೇಲೆ ಎರಡು ತಿಂಗಳು ಪತ್ತೆಯೇ ಇರಲಿಲ್ಲ. ಅವರು "ರಾತ್ರಿ ಬೆವರ್ತೀರಾ? ನಿದ್ದೆ ಬರುತ್ತಾ?" ಅಂತ ಕೇಳಿ, "ಕೈಕಾಲು ನೋವು?" ಅಂದದ್ದೇ ತಡ, ನಾನು ಹಿಮ್ಮಡಿಯಿಂದ ಭುಜದವರೆಗೆ ಒಂದೇ ಉಸಿರಲ್ಲಿ ಹೇಳಿದೆ. ಇದು ಪೆರಿಮೆನೋಪಾಸ್ ಅಂದರು. ಹನ್ನೆರಡು ತಿಂಗಳು ಸತತವಾಗಿ ಮುಟ್ಟು ಬರದಿದ್ದರೆ ಅದು ಋತುಬಂಧ. ನಮ್ಮ ದೇಶದಲ್ಲಿ ಸರಾಸರಿ ನಲವತ್ತಾರು, ನಲವತ್ತೇಳರ ಹೊತ್ತಿಗೆ. ಅದಕ್ಕೆ ಮೊದಲಿನ ನಾಲ್ಕಾರು ವರ್ಷದ ಗೊಂದಲವೇ ಇದು. ಹನ್ನೊಂದನೇ ತಿಂಗಳಲ್ಲಿ ಒಮ್ಮೆ ಬಂದರೆ ಎಣಿಕೆ ಮತ್ತೆ ಒಂದರಿಂದ. ಆ ವರ್ಷಗಳಲ್ಲಿ ಈಸ್ಟ್ರೊಜೆನ್ ಏರಿಳಿದು ಏರಿಳಿದು ಕೊನೆಗೆ ಇಳಿದೇಬಿಡುತ್ತದೆ. ಮೂಳೆ, ಮೃದ್ವಸ್ಥಿ, ಸ್ನಾಯು, ಸ್ನಾಯುರಜ್ಜು ಎಲ್ಲ ಕಡೆಯೂ ಅದಕ್ಕೆ ಕೆಲಸವಿದೆ, ಉರಿಯೂತವನ್ನು ಹದ್ದುಬಸ್ತಿನಲ್ಲಿ ಇಡುವುದೂ ಅದರ ಪಾಲಿನದೇ. ಅದು ರಜೆ ಹಾಕಿದರೆ ಕೀಲುಗಳು ಕೂಗುತ್ತವೆ.

ನಾನು ಹತ್ತನೇ ತರಗತಿಗೆ ಹಾರ್ಮೋನು ಪಾಠ ಮಾಡುವವಳು. ಪುಸ್ತಕದ ಪಟ್ಟಿಯಲ್ಲಿ ಈಸ್ಟ್ರೊಜೆನ್ ಮುಂದೆ ಜನನಾಂಗಗಳ ಬೆಳವಣಿಗೆ, ಋತುಚಕ್ರ, ಇತ್ಯಾದಿ ಎಂದಿದೆ. ನನ್ನ ಮಂಡಿ, ಹಿಮ್ಮಡಿ, ಭುಜ, ಹೆಬ್ಬೆರಳು ಇಷ್ಟು ವರ್ಷ ಆ ಇತ್ಯಾದಿಯೊಳಗೆ ಸುಮ್ಮನೆ ಕೂತಿದ್ದವು.

ಡಾಕ್ಟರು ಇನ್ನೊಂದು ಮಾತು ಹೇಳಿದರು. ಗಂಡಸರ ಮೈಯಲ್ಲೂ ಈಸ್ಟ್ರೊಜೆನ್ ಇರುತ್ತದೆ. ಅವರ ಟೆಸ್ಟೊಸ್ಟೆರಾನಿನ ಒಂದು ಪಾಲು ಅದಾಗಿ ಬದಲಾಗುತ್ತದೆ. ಮುಟ್ಟು ನಿಂತ ಹೆಂಗಸಿಗಿಂತ ಅದೇ ವಯಸ್ಸಿನ ಗಂಡಸಿನಲ್ಲಿ ಸಾಮಾನ್ಯವಾಗಿ ಅದು ಹೆಚ್ಚೇ. ಮನೆಗೆ ಬಂದು ನಮ್ಮನೆಯವರಿಗೆ ಹೇಳಿದೆ. ವಾರಕ್ಕೆ ನಾಲ್ಕು ದಿನ ಶಟಲ್ ಆಡುವ ಅವರು ಪೇಪರು ಕೆಳಗಿಟ್ಟು, ಒಂದು ಸಲ ಮೀಸೆ ಮುಟ್ಟಿ ನೋಡಿಕೊಂಡರು. ಅವತ್ತಿನ ಸಾರಿಗೆ ಉಪ್ಪು ಕಡಿಮೆ ಅಂತಲೂ ಹೇಳಲಿಲ್ಲ.

ಋತುಬಂಧಕ್ಕೂ ಕೀಲುನೋವಿಗೂ ನಂಟಿದೆ ಅನ್ನುವುದೇನು ಹೊಸ ಸುದ್ದಿಯಾ ಅಂದರೆ ಅಲ್ಲ. ರಸೆಲ್ ಸೆಸಿಲ್, ಬೆಂಜಮಿನ್ ಆರ್ಚರ್ ಎಂಬ ಇಬ್ಬರು ಅಮೆರಿಕದ ವೈದ್ಯರು ಋತುಬಂಧದ ಹೊತ್ತಿನ ಕೀಲುನೋವಿನ ಐವತ್ತು ಪ್ರಕರಣ ನೋಡಿ 1925ರಲ್ಲೇ ಬರೆದಿದ್ದರು. 2024ರಲ್ಲಿ ಮೂಳೆ ಶಸ್ತ್ರವೈದ್ಯೆ ವೊಂಡಾ ರೈಟ್ ಮತ್ತು ಸಂಗಡಿಗರು ಈ ನೋವುಗಳನ್ನೆಲ್ಲ ಒಂದೇ ಹೆಸರಿನಡಿ ತಂದು, ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಹೆಂಗಸರು ಇದನ್ನು ಅನುಭವಿಸುತ್ತಾರೆ, ಇಪ್ಪತ್ತೈದು ಮಂದಿಗೆ ದಿನದ ಕೆಲಸವೇ ಕಷ್ಟವಾಗುತ್ತದೆ ಎಂದರು. 1925ರಲ್ಲಿ ಹೊರಟ ಸುದ್ದಿ ನಮ್ಮೂರಿನ ಮೂಳೆ ಡಾಕ್ಟರ ಕೋಣೆಗೆ ಇನ್ನೂ ಬಂದು ಮುಟ್ಟಿಲ್ಲ ಅಂದರೆ, ಪಾಪ, ಅದಕ್ಕೂ ಮಂಡಿ ನೋವಿರಬೇಕು.

ಔಷಧಿಗಿಂತ ಹೆಚ್ಚಾಗಿ ಹೆಂಗಸರ ಡಾಕ್ಟರು ಬರೆದುಕೊಟ್ಟದ್ದು ವ್ಯಾಯಾಮ. ಹಾರ್ಮೋನು ಚಿಕಿತ್ಸೆಯ ಮಾತೂ ಬಂತು. ಇದ್ದಕ್ಕಿದ್ದಂತೆ ಮೈ ಬಿಸಿಯಾಗುವುದು, ಬೆವರು, ನಿದ್ದೆಗೇಡು ಜೋರಾಗಿದ್ದವರಿಗೆ ಅದು ಒಳ್ಳೆಯದು, ಕೀಲಿಗೂ ಕೆಲವರಿಗೆ ಆರಾಮ ಸಿಗುತ್ತದೆ, ಆದರೆ ಸ್ತನ ಕ್ಯಾನ್ಸರು, ರಕ್ತ ಹೆಪ್ಪುಗಟ್ಟುವ ತೊಂದರೆ ಎಲ್ಲ ಕೇಳಿಯೇ ಕೊಡುವುದು ಎಂದರು. ಕೀಲು ಊದಿಕೊಂಡರೆ, ಬೆಳಿಗ್ಗೆಯ ಬಿಗಿತ ಒಂದು ಗಂಟೆ ಕಳೆದರೂ ಬಿಡದಿದ್ದರೆ ಅದನ್ನು ಋತುಬಂಧದ ಲೆಕ್ಕಕ್ಕೆ ಬರೆದು ಕೂರಬಾರದು, ಸಂಧಿವಾತವಿರಬಹುದು, ಓಡಿ ಬನ್ನಿ ಅಂದರು. ಓಡಿ ಅನ್ನುವುದು ಮಾತಿಗೆ ಅಂತ ಆಮೇಲೆ ಅವರೇ ಸೇರಿಸಿದರು.

ಫಿಸಿಯೋಥೆರಪಿ ಹುಡುಗಿ ನನ್ನ ಮಗಳ ವಯಸ್ಸಿನವಳು. "ಆಂಟಿ, ನೋವಾಗುತ್ತೆ ಅಂತ ಕೂತ್ರೆ ತೊಡೆ ಸ್ನಾಯು ಕರಗುತ್ತೆ, ಆಮೇಲೆ ಭಾರವೆಲ್ಲ ಮಂಡಿಗೇ" ಅಂದಳು. ಮೊದಲು ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು. ಅದು ಬಂದ ಮೇಲೆ ಬಸ್ಕಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ನಾವು ಶಾಲೆಯಲ್ಲಿ ಮಕ್ಕಳಿಂದ ಬಸ್ಕಿ ಹೊಡೆಸುವಂತಿಲ್ಲ. ಟೀಚರಿಂದ ಹೊಡೆಸಬಾರದು ಅಂತ ಆ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಭುಜಕ್ಕೆ ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ, ತೋಳಿಗೆ ಡಂಬೆಲ್. ಡಂಬೆಲ್ ಇಲ್ಲದ ಕಾರಣ ತೊಗರಿಬೇಳೆಯ ಎರಡು ಕೇಜಿ ಪ್ಯಾಕೆಟುಗಳು. ಒಂದನ್ನು ಅತ್ತೆ ಒಡೆದು ಸಾರಿಗೆ ಹಾಕಿದ್ದರಿಂದ ಕೆಲವು ದಿನ ನನ್ನ ಎಡಗೈಗೆ ವ್ಯಾಯಾಮ ಕಡಿಮೆಯಾಯಿತು.

ಬಸ್ಕಿ ನೋಡಿ ಮನೆಯಲ್ಲಿ ಯಾರಿಗೂ ಸಮಾಧಾನವಿರಲಿಲ್ಲ. ಮಂಡಿ ನೋವು ಅಂತೀಯ, ಅದೇ ಮಂಡಿ ಬಗ್ಗಿಸ್ತೀಯ ಅನ್ನುವುದು ಎಲ್ಲರ ತಕರಾರು. ಸಾಗರದ ಅತ್ತಿಗೆ ಲಕ್ಕಿ ಸೊಪ್ಪು ಕಳಿಸಿದರು, ಕುದಿಸಿದ ನೀರು ಹೊಯ್ದುಕೊಂಡೆ. ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿದೆ. ಬಿಸಿ ತಾಗಿದರೆ ಹಾಯೆನಿಸುತ್ತದೆ, ನಾನೇಕೆ ಸುಳ್ಳು ಹೇಳಲಿ. ಆದರೆ ಎಕ್ಕದ ಎಲೆ ತೊಡೆಗೆ ಸ್ನಾಯು ಬೆಳೆಸುವುದಿಲ್ಲ. ಇನ್ನು ರಾಗಿ. ನಾವು ಮಲೆನಾಡಿನವರು ಅಕ್ಕಿ ರೊಟ್ಟಿ, ಕಡುಬು, ಗಂಜಿ ಅಂತ ಮೂರು ಹೊತ್ತೂ ಅಕ್ಕಿಯಲ್ಲೇ ಬದುಕಿದವರು. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ಬಿಳಿ ಅಕ್ಕಿಯಲ್ಲಿ ಹತ್ತರ ಆಸುಪಾಸು. ಋತುಬಂಧದ ನಂತರ ದಿನಕ್ಕೆ 1200 ಮಿಲಿಗ್ರಾಂ ಬೇಕು ಎನ್ನುತ್ತದೆ ಐಸಿಎಂಆರ್. ಲೆಕ್ಕ ಹಾಕಿ ತೋರಿಸಿದ ಮೇಲೆ ಮನೆಯಲ್ಲಿ ವಾರಕ್ಕೆರಡು ದಿನ ಮುದ್ದೆ ಬಂದಿದೆ. ಇನ್ನೂ ಎಲ್ಲರೂ ಅಗಿದೇ ತಿನ್ನುತ್ತಾರೆ.

ಒಂದು ಸಂಜೆ ನಾನು ಬಸ್ಕಿ ಹೊಡೆಯುತ್ತಿದ್ದಾಗ ಅತ್ತೆ ಹೂ ಕಟ್ಟುತ್ತ ಕೂತಿದ್ದರು. "ನಿಮಗೆ ಈ ವಯಸ್ಸಲ್ಲಿ ಏನೂ ಆಗ್ಲಿಲ್ವಾ ಅತ್ತೆ?" ಅಂದೆ. "ಆಗ್ದೇ ಏನು, ಎರಡು ವರ್ಷ ಹಿಮ್ಮಡಿ ಊರಕ್ಕಾಗ್ತಿರ್ಲಿಲ್ಲ. ಬಾವಿ ಕಟ್ಟೆ ಮೇಲೆ ಕೂತು ಸ್ವಲ್ಪ ಅತ್ತು, ಕೊಡ ಎತ್ಕಂಡು ಬರ್ತಿದ್ದೆ" ಅಂದರು. "ಯಾರಿಗೂ ಹೇಳ್ಲಿಲ್ವಾ?" "ಯಾರು ಕೇಳಿದ್ರು?" ಅಷ್ಟು ಹೇಳಿ ಮಲ್ಲಿಗೆಯ ಮೊಗ್ಗು ಜೋಡಿಸಿದರು. ನಾನು ಇನ್ನೆರಡು ಬಸ್ಕಿ ಜಾಸ್ತಿ ಹೊಡೆದೆ. ಮಾರನೆಯ ದಿನದಿಂದ ಬೇಳೆ ಪ್ಯಾಕೆಟ್ ಒಡೆಯುವ ಮುಂಚೆ ನನ್ನನ್ನು ಕೇಳುತ್ತಾರೆ.

ನೋವು ಪೂರ್ತಿ ಹೋಗಿದೆಯಾ ಅಂದರೆ ಇಲ್ಲ. ಮೆಟ್ಟಿಲು ಹತ್ತುವುದು ಸಲೀಸು, ಇಳಿಯುವಾಗ ಇವತ್ತಿಗೂ ಕಂಬಿ ಬೇಕು. ಭುಜ ಬೋರ್ಡಿನ ಮುಕ್ಕಾಲು ಭಾಗ ಹತ್ತಿದೆ, ಹಿಂದಿನ ಬೆಂಚಿನವರ ಅಂಕ ಆ ಪ್ರಮಾಣದಲ್ಲೇ ಇಳಿದಿದೆ. ಹೆಬ್ಬೆರಳು ಮಾತ್ರ ಇನ್ನೂ ದಾರಿಗೆ ಬಂದಿಲ್ಲ. ಆದ್ದರಿಂದ ನಮ್ಮ ಮನೆಯ ಚಕ್ಕುಲಿಗೆ ಪ್ರತಿವರ್ಷ ಕಾಯುವ ನೆಂಟರಲ್ಲಿ ಒಂದು ಅರಿಕೆ: ಹಿಟ್ಟು ನಾನು ಕಲಸಿಡುತ್ತೇನೆ, ಎಣ್ಣೆಯೂ ಕಾಯಿಸುತ್ತೇನೆ. ಒರಳು ಒತ್ತಲು ನೀವೇ ಬರಬೇಕು, ಸುತ್ತು ಒಳಗಿನಿಂದ ಶುರು ಮಾಡಲು ಗೊತ್ತಿರಬೇಕು. ಒತ್ತಿದವರಿಗೆ ಮಾತ್ರ ಡಬ್ಬಿ ಕಟ್ಟಿಕೊಡಲಾಗುವುದು.