ವಿಳಾಸಮೀಮಾಂಸೆ: ರೂಟರಿನ ಹಿಂದೆ ಅಡಗಿದ ಕಂಪ್ಯೂಟರಿನ ಲೋಕನಾಮವನ್ನು ಕುರಿತ ಪ್ರೌಢ ಪ್ರಬಂಧ

ಪೀಠಿಕೆ: ಸಿರುಗುಪ್ಪದ ರೈಸ್‌ಮಿಲ್ಲಿನ ಸಾಹುಕಾರರೊಬ್ಬರು ಬಳ್ಳಾರಿಯ ಮನೆಯಲ್ಲಿ ಕೂತೇ ಮಿಲ್ಲಿನ ಸಿಸಿಟಿವಿ ನೋಡಬಯಸಿ, ಗುಮಾಸ್ತನಿಗೆ ಫೋನ್ ಹಚ್ಚಿ ಅಲ್ಲಿನ ಐಪಿ ವಿಳಾಸ ಕೇಳಿದರು. ‘192.168.1.2 ಅಂತ ಐತ್ರಿ ಸಾಹುಕಾರ್ರೇ’ ಎಂದನಾತ. ಅದನ್ನೇ ಒತ್ತಿದಾಗ ತೆರೆದದ್ದು ಅವರದೇ ಮನೆಯ ಪ್ರಿಂಟರು. ಪ್ರಸ್ತುತ ಸಂಶೋಧನೆ ಹುಟ್ಟಿದ್ದು ಹೀಗೆ.

ಪೂರ್ವಪಕ್ಷ: ಕಂಪ್ಯೂಟರಿಗೆ ತನ್ನ ಹೆಸರು ತನಗೆ ಗೊತ್ತಿರುತ್ತದೆ.

ಖಂಡನೆ: ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ದಯೆಯಿಂದ ಓಣಿಗೊಬ್ಬ ಬಸವರಾಜನಿದ್ದಾನೆ. ಬೀದಿಯಲ್ಲಿ ನಿಂತು ‘ಏ ಬಸ್ಯಾ’ ಎಂದರೆ ಹತ್ತು ತಲೆ ತಿರುಗುತ್ತವೆ. 192.168 ಎಂಬುದೂ ಇಂಥದೇ ಮುದ್ದಿನ ಹೆಸರು. ಯಾರ ಮನೆಯಲ್ಲಾದರೂ ಇಟ್ಟುಕೊಳ್ಳಿ, ಹೊಸ್ತಿಲು ದಾಟಿಸಬೇಡಿ ಎಂದು 1996ರಲ್ಲೇ ಅಂತರ್ಜಾಲದ ಶಾಸ್ತ್ರಕಾರರು ವಿಧಿಸಿದರು. ಹೊಸ್ತಿಲಲ್ಲಿ ಕೂತ ರೂಟರು ಹೊರಹೋಗುವ ಪ್ರತಿ ಕಾಗದದ ಮೇಲೂ ಬಸ್ಯಾನ ಹೆಸರು ಅಳಿಸಿ ತನ್ನದನ್ನು ಬರೆಯುತ್ತದೆ. ಪಾಪ, ಬಸ್ಯಾನಿಗೆ ಇದರ ಸುಳಿವೇ ಇಲ್ಲ.

ಸಿದ್ಧಾಂತ: ಹೊರಗಿನ ಹೆಸರನ್ನು ಹೊರಗಿನವರನ್ನೇ ಕೇಳಬೇಕು. ಬಳ್ಳಾರಿಯವರಿಗೆ ಬಳ್ಳಾರಿ ಎಂದೂ ಬಳ್ಳಾರಿಯೇ. ಇಂಗ್ಲಿಷ್ ಕಡತಗಳಲ್ಲಿ ಅದು ‘ಬೆಲ್ಲಾರಿ’ಯಾಗಿತ್ತು, 2014ರ ನವೆಂಬರ್ 1ರವರೆಗೆ. ಆದ್ದರಿಂದ ದೂರದ ಸರ್ವರೊಂದನ್ನು ‘ನಾನು ನಿನಗೆ ಯಾರಾಗಿ ಕಾಣುತ್ತೇನೆ?’ ಎಂದು ಕೇಳಿ, ಬಂದ ಉತ್ತರವನ್ನು ರೂಟರಿನ ಹೊರಮುಖದ ವಿಳಾಸದೊಂದಿಗೆ ತಾಳೆ ನೋಡತಕ್ಕದ್ದು. ಎರಡೂ ಒಂದೇ ಆದರೆ ಕ್ಷೇಮ. ರೂಟರಿನದು 100.64ರಿಂದ 100.127ರೊಳಗಿದ್ದರೆ ಹೊಸ್ತಿಲಾಚೆ ಇನ್ನೊಂದು ಹೊಸ್ತಿಲಿದೆ, ಹತ್ತಾರು ಮನೆಗೆ ಒಂದೇ ಹೆಸರು ಹಂಚಲಾಗಿದೆ ಎಂದು ತಿಳಿಯತಕ್ಕದ್ದು. ಕಾರಣ, ಬರ. ಹಳೇ ಪದ್ಧತಿಯ ವಿಳಾಸಗಳು ಒಟ್ಟು ಸುಮಾರು 429 ಕೋಟಿ; ಜಾಗತಿಕ ಕಣಜ 2011ರ ಫೆಬ್ರುವರಿಯಲ್ಲೇ ಬರಿದಾಯಿತು.

ಶಾಸನಾಧಾರ: ‘ದೇವಾನಾಂಪ್ರಿಯ’ ಎಂಬುದು ಅಶೋಕನ ಹೊಸ್ತಿಲ ಹೆಸರು, ಲಂಕೆಯ ತಿಸ್ಸನಿಗೂ ಅದೇ ಬಿರುದು. ಹೆಚ್ಚಿನ ಶಾಸನಗಳು ಅಷ್ಟಕ್ಕೇ ಸುಮ್ಮನಾಗುತ್ತವೆ. ‘ಅಶೋಕ’ ಎಂದು ಬಾಯಿಬಿಟ್ಟ ಕೆಲವೇ ಬಂಡೆಗಳಲ್ಲಿ ಎರಡು ಸಿರುಗುಪ್ಪ ತಾಲ್ಲೂಕಿನವು: ನಿಟ್ಟೂರು, ಉಡೇಗೋಳ. ನಮ್ಮ ರೂಟರು ಕರೆಂಟು ಹೋಗಿ ಬಂದರೆ ಹೊಸ ವಿಳಾಸ ಹೊತ್ತು ಏಳುತ್ತದೆ. ಈ ಬಂಡೆಗಳು 2,200 ವರ್ಷಗಳಿಂದ ಕದಲಿಲ್ಲ. ಸ್ಟಾಟಿಕ್ ಐಪಿ ಎಂದರೆ ಇದು. ಬಾಡಿಗೆಯೂ ಇಲ್ಲ.

ಫಲಶ್ರುತಿ: ಇಷ್ಟನ್ನೂ ಕೇಳಿದ ಸಾಹುಕಾರರು ಸ್ಟಾಟಿಕ್ ಐಪಿಯ ಬಾಡಿಗೆ ವಿಚಾರಿಸಿ, ಸೀದಾ ಸಿರುಗುಪ್ಪದ ಬಸ್ಸು ಹತ್ತಿದರು. ಈಗ ದಿನವಿಡೀ ಮಿಲ್ಲಿನ ಬಾಗಿಲಲ್ಲೇ ಕೂತಿರುತ್ತಾರೆ. ವಿಳಾಸ ಸ್ಥಿರವಾಗಿದೆ.