ಜೇಬಿನಲ್ಲೊಬ್ಬ ಚಾಡಿಕೋರ

ನಾನು ಪರ್ಸು ಬಿಟ್ಟು ಮೂರು ವರ್ಷವಾಯಿತು. ಸಿಗರೇಟು ಬಿಟ್ಟವರ ಹಾಗೆ ಆಣೆ ಮಾಡಿ ಬಿಟ್ಟದ್ದಲ್ಲ. ಒಂದು ದಿನ ಮರೆತು ಹೊರಟೆ, ಯಾವ ಕೆಲಸವೂ ನಿಲ್ಲಲಿಲ್ಲ. ಮಾರನೇ ದಿನ ಬೇಕೆಂದೇ ಮರೆತೆ. ಈಗ ಅದು ಎರಡು ಬ್ಯಾಂಕಿನ ಕಾರ್ಡು, ಅಕ್ಷರ ಅಳಿಸಿಹೋದ ಒಂದು ಹೋಟೆಲ್ ಬಿಲ್ಲು, ರಾಯರ ಪುಟ್ಟ ಪಟ ಇಷ್ಟನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಬೀರುವಿನಲ್ಲಿ ಮಲಗಿದೆ.

ನ್ಯಾಯವಾಗಿ ನನ್ನಂಥವನು ಹೀಗೆ ಮಾಡಬಾರದು. ಹುಟ್ಟಿದ್ದು ಮೈಸೂರು, ಅನ್ನ ಹಾಕುತ್ತಿರುವುದು ಕೋಲ್ಕತ್ತ. ರಿಸರ್ವ್ ಬ್ಯಾಂಕಿನ ನೋಟು ಮುದ್ರಣ ಕಂಪನಿಗಿರುವ ಎರಡು ಅಚ್ಚುಕೂಟಗಳಲ್ಲಿ ಒಂದು ನನ್ನ ಮೈಸೂರಿನಲ್ಲಿ, ಇನ್ನೊಂದು ಇದೇ ಪಶ್ಚಿಮ ಬಂಗಾಳದ ಸಾಲ್ಬನಿಯಲ್ಲಿ. ನಾಣ್ಯ ಹೊಡೆಯುವ ಟಂಕಸಾಲೆ 1952ರಿಂದ ಕೋಲ್ಕತ್ತದ ಅಲಿಪುರದಲ್ಲಿದೆ. 1935ರಲ್ಲಿ ರಿಸರ್ವ್ ಬ್ಯಾಂಕು ಶುರುವಾದಾಗ ಅದರ ಕೇಂದ್ರ ಕಚೇರಿ ಇದ್ದದ್ದೂ ಈ ಊರಲ್ಲೇ. 1937ರಲ್ಲಿ ಮುಂಬಯಿಗೆ ಹೊರಟುಹೋಯಿತು. ಇಲ್ಲಿ ಚಿಲ್ಲರೆ ಸಿಗದೆ ಬೇಸತ್ತು ಹೋಯಿತು ಅಂತ ನನ್ನ ಗುಮಾನಿ.

ಯಾಕೆಂದರೆ ಈ ಊರಿಗೆ ಬಂದವನು ಕಲಿಯುವ ಮೊದಲ ಬಂಗಾಳಿ ಶಬ್ದ 'ಖುಚ್ರೊ', ಅಂದರೆ ಚಿಲ್ಲರೆ. ಎರಡನೆಯದು 'ನೇಯಿ', ಅಂದರೆ ಇಲ್ಲ. ಖಾಸಗಿ ಬಸ್ಸಿನ ಕಂಡಕ್ಟರು ನೋಟುಗಳನ್ನು ಉದ್ದಕ್ಕೆ ಮಡಚಿ ಬೆರಳ ಸಂದಿಗೆ ಸಿಕ್ಕಿಸಿಕೊಂಡು, ಗರಿ ಬಿಚ್ಚಿದ ನವಿಲಿನಂತೆ ಎದುರಿಗೇ ನಿಂತಿರುತ್ತಾನೆ. ನೂರರ ನೋಟು ಚಾಚಿದಿರೋ, 'ಖುಚ್ರೊ ದಿನ್ ದಾದಾ' ಅನ್ನುತ್ತಾನೆ. ಅವರಲ್ಲಿ ದಾದಾ ಅಂದರೆ ಅಣ್ಣ, ನಮ್ಮ ಕಡೆ ರೌಡಿ. ಮೊದಲ ವಾರ ನಾನು ಅವಮಾನಪಟ್ಟುಕೊಂಡೇ ಚಿಲ್ಲರೆ ಹುಡುಕುತ್ತಿದ್ದೆ.

2016ರಲ್ಲಿ ಯುಪಿಐ ಬಂತು, ಅದೇ ವರ್ಷ ನವೆಂಬರಿನಲ್ಲಿ ನೋಟು ರದ್ದಾಯಿತು. ನಿಧಾನಕ್ಕೆ ಖುಚ್ರೊ ಜಗಳವೂ ಅಡಗಿತು. ಬಸ್ಸಿನವರು ಈಗಲೂ ನವಿಲುಗರಿಯನ್ನೇ ನಂಬಿದ್ದಾರೆ, ಅದು ಬೇರೆ ಮಾತು. ಲೇಕ್ ಮಾರ್ಕೆಟ್ಟಿನಲ್ಲಿ ನಾನು ಕರಿಬೇವು ಕೊಳ್ಳುವ ಹೆಂಗಸು, ಮಣ್ಣಿನ ಭಾಂಡದಲ್ಲಿ ಚಹಾ ಕೊಡುವವನು, ಫುಚ್ಕಾ ಅಂದರೆ ಪಾನಿಪುರಿಯವನು, ಎಲ್ಲರ ಮುಂದೂ ಆ ಕಪ್ಪು ಬಿಳುಪು ಚೌಕಳಿ. ದುಡ್ಡು ಬಿತ್ತು ಅಂತ ಡಬ್ಬಿ ಕೂಗುತ್ತದೆ. ಎಂಟು ರೂಪಾಯಿ ಕೊಟ್ಟವನ ಔದಾರ್ಯವನ್ನು ಬೀದಿಗೆಲ್ಲ ಸಾರುವ ವಂದಿಮಾಗಧರು ರಾಜರಿಗಾದರೂ ಇದ್ದರೋ ಇಲ್ಲವೋ.

ಕೂಗುವುದು ಡಬ್ಬಿ ಮಾತ್ರ ಅಂತ ನಾನು ತಿಳಿದದ್ದೇ ತಪ್ಪಾಯಿತು.

ನಮ್ಮದು ಜಂಟಿ ಖಾತೆ. ಬ್ಯಾಂಕಿನ ಮೆಸೇಜು ನನ್ನ ಫೋನಿಗೂ ಬರುತ್ತದೆ, ನನ್ನವಳ ಫೋನಿಗೂ ಬರುತ್ತದೆ. ಹೋದ ಮಾಘದಲ್ಲಿ ಒಂದು ರಾತ್ರಿ ಊಟಕ್ಕೆ ಕೂತಾಗ, ಸಾರು ಬಡಿಸುತ್ತಲೇ ಕೇಳಿದಳು: "ಏನೂಂದ್ರೆ, ಯಾರದು ಮಾಲತಿ?"

ತುತ್ತು ಗಂಟಲಲ್ಲೇ ನಿಂತಿತು. "ಯಾವ ಮಾಲತಿ?"

"ದಿನಾ ಸಂಜೆ ಆರೂಕಾಲಿಗೆ ಅರವತ್ತು ರೂಪಾಯಿ ಕಳಿಸ್ತೀರಲ್ಲ, ಆ ಮಾಲತಿ."

ಆಮೇಲೆ ಹೊಳೆಯಿತು. ಮೂಲೆಯ ಮಿಠಾಯಿ ಅಂಗಡಿಯವನು ಖಾತೆ ತೆರೆದಿರುವುದು ಹೆಂಡತಿಯ ಹೆಸರಲ್ಲಿ. ಅರವತ್ತು ರೂಪಾಯಿಗೆ ಸಿಗುತ್ತಿದ್ದದ್ದು ನೊಲೇನ್ ಗುಡ್ ಸಂದೇಶ್ ಮೂರು. ನೊಲೇನ್ ಗುಡ್ ಅಂದರೆ ಚಳಿಗಾಲದಲ್ಲಿ ಇಳಿಸುವ ಈಚಲು ಮರದ ಹೊಸ ಬೆಲ್ಲ. ಬಾಯಲ್ಲಿಟ್ಟರೆ ಕರಗುವ ಮೊದಲು ಒಂದು ಚೂರು ಹೊಗೆಯ ವಾಸನೆ ಬರುತ್ತದಲ್ಲ, ಅದಕ್ಕಾಗಿ ಮನುಷ್ಯ ಸುಳ್ಳು ಹೇಳಬಹುದು. ಆದರೆ ನನಗೆ ಸಕ್ಕರೆ ಕಾಯಿಲೆ. ಪರಸ್ತ್ರೀ ಸಹವಾಸವನ್ನೋ ಸಂದೇಶವನ್ನೋ, ಯಾವುದನ್ನು ಒಪ್ಪಿಕೊಳ್ಳಲಿ? ಅರೆಗಳಿಗೆ ಯೋಚಿಸಿದ್ದು ನಿಜ. ಕೊನೆಗೆ ಸಂದೇಶವನ್ನೇ ಒಪ್ಪಿಕೊಂಡೆ.

"ಹೆಂಗಸೇ ಆಗಿದ್ದರೆ ವಾಸಿಯಿತ್ತು," ಅಂದಳು. "ಸಕ್ಕರೆಯಾದರೂ ಏರುತ್ತಿರಲಿಲ್ಲ."

ಪರ್ಸಿನ ಕಾಲದಲ್ಲಿ ನೂರು ರೂಪಾಯಿ ಹೋದರೆ ಹೋಯಿತು. ಆಟೋ, ಪೇಪರು, ಯಾರೋ ಭಿಕ್ಷುಕ ಅಂತ ಲೆಕ್ಕ ಒಪ್ಪಿಸಬಹುದಿತ್ತು. ಈ ಯಂತ್ರಕ್ಕೆ ಮರೆವೂ ಇಲ್ಲ, ದಾಕ್ಷಿಣ್ಯವೂ ಇಲ್ಲ. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸಿನವರಿಗೂ ಇದು ಗೊತ್ತು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ನೋಟೀಸು ಕಳಿಸಿದಾಗ, ಎಷ್ಟೋ ಜನ ಕ್ಯೂಆರ್ ಚೀಟಿ ಕಿತ್ತು 'ಕ್ಯಾಶ್ ಮಾತ್ರ' ಅಂತ ಬರೆದು ಅಂಟಿಸಿದ್ದರು. ಹಳೇ ಬಾಕಿ ವಸೂಲಿ ಮಾಡುವುದಿಲ್ಲವೆಂದು ಮುಖ್ಯಮಂತ್ರಿಗಳು ಹೇಳಿದ ಮೇಲೆ ತಣ್ಣಗಾದರು. ನನ್ನ ಮನೆಯ ಇಲಾಖೆಯಲ್ಲಿ ಅಂಥ ಮನ್ನಾ ಇಲ್ಲ.

ನಾನೂ ಕ್ಯಾಶಿಗೆ ಮರಳೋಣವೆಂದುಕೊಂಡೆ. ಬೀರುವಿನಿಂದ ಕಾರ್ಡು ತೆಗೆದು ಎಟಿಎಮ್ಮಿಗೆ ಹೋದರೆ ಅದಕ್ಕೂ ಮೆಸೇಜು ಹೋಗುತ್ತದೆ. ಸಾಸಿವೆ ಡಬ್ಬಿಯಲ್ಲಿ ನೋಟಿನ ಸುರುಳಿ ಇದೆಯೆಂದು ಬಲ್ಲೆ. ಅದಕ್ಕೆ ಕೈಹಾಕಲು ಎದೆ ಸಾಲದು. ಕೊನೆಗೆ ಎದುರು ಮನೆಯ ದಾದಾರನ್ನು ಹಿಡಿದೆ. ಶನಿವಾರ ನಾನು ಅವರಿಗೆ ಐನೂರು ಫೋನಿನಲ್ಲಿ ಕಳಿಸುವುದು, ಅವರು ನನಗೆ ಐನೂರರ ನೋಟು ಕೊಡುವುದು. ಮನೆಯಲ್ಲಿ ಕೇಳಿದರೆ, ದುರ್ಗಾಪೂಜೆಯ ಚಂದಾವನ್ನು ಕಂತಿನಲ್ಲಿ ಕಟ್ಟುತ್ತಿದ್ದೇನೆ ಅನ್ನುವುದು. ಮೂರು ಶನಿವಾರ ಸುಖವಾಗಿ ಕಳೆಯಿತು. ಐನೂರಕ್ಕೆ ಮಿಠಾಯಿಯವನು 'ಖುಚ್ರೊ ನೇಯಿ' ಅಂದಾಗಲೆಲ್ಲ ಇನ್ನೂ ನಾಲ್ಕು ಸಂದೇಶ್ ಹೆಚ್ಚಿಗೆ ಕೊಳ್ಳಬೇಕಾಯಿತು, ಅಷ್ಟೇ.

ದಾದಾರದ್ದೂ ಜಂಟಿ ಖಾತೆಯೆಂದು ನಾನು ಕೇಳಿರಲಿಲ್ಲ. ನಿನ್ನೆ ಸಂಜೆ ಆರೂಕಾಲಿಗೆ ಮೂಲೆ ಅಂಗಡಿಯಿಂದ ಬಾಯೊರೆಸಿಕೊಂಡು ಬರುತ್ತೇನೆ, ನಮ್ಮ ಬಾಲ್ಕನಿಯಲ್ಲಿ ನನ್ನವಳೂ ದಾದಾರ ಹೆಂಡತಿ ಬೌದಿಯೂ ಎರಡು ಫೋನನ್ನು ಪಕ್ಕಪಕ್ಕ ಇಟ್ಟುಕೊಂಡು ತಾಳೆ ನೋಡುತ್ತಾ ಕೂತಿದ್ದಾರೆ.