ಕತ್ತಿಗೆ ಕಾನೂನು, ಬಾಯಿಗೆ ಬಿಡುಗಡೆ

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಮೇಜಿನ ಸುತ್ತ ಕೂತು ಪಾತ್ರ ವಹಿಸುವ ಆಟ. ಹುಟ್ಟಿದ್ದು ಬೊಂಬೆ ಸೈನಿಕರ ಯುದ್ಧದಾಟದಿಂದ. ಹಾಗಾಗಿ ಕತ್ತಿ ಬೀಸಲು ದಾಳ, ಪಟ್ಟಿ, ಅಂಕಿಸಂಖ್ಯೆ ಎಲ್ಲ ಇವೆ. ಕಾವಲುಗಾರನನ್ನು ಪುಸಲಾಯಿಸುವ ಕೆಲಸ ಮಾತ್ರ ಬಹುಮಟ್ಟಿಗೆ ಆಟಗಾರನ ಬಾಯಿಗೆ ಬಿಟ್ಟದ್ದು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಬಯಲಾಟದಲ್ಲಿ ಲೆಕ್ಕ ತಿರುವುಮುರುವು. ಇಲ್ಲಿ ಕಟ್ಟುನಿಟ್ಟೆಲ್ಲ ಮಾತಿಗೇ. ರಂಗಕ್ಕೆ ಚಕ್ರವರ್ತಿಯೇ ಬಂದರೂ ಆಟ ನಡೆಸಿಕೊಡುವ ಸಾರಥಿ ‘ತಾವು ಯಾರು, ಯಾವ ಊರಿಗೆ ಅರಸರು?’ ಎಂದು ವಿಚಾರಿಸದೆ ಬಿಡುವುದಿಲ್ಲ. ಚಕ್ರವರ್ತಿಯೂ ಊರು, ಕುಲ, ಪರಾಕ್ರಮ ಒಪ್ಪಿಸಿಯೇ ಮುಂದುವರಿಯಬೇಕು. ಆಟ ಕಲಿಸುವ ಮಾಸ್ತರರು ತಿದ್ದಿ ತೀಡಿದ ಮಾತು ಅದು. ಒಂದು ಸಾಲು ಜಾರಿದರೆ ಪರದೆಯ ಹಿಂದಿನಿಂದ ಮಾಸ್ತರರ ಗದರಿಕೆ, ಮುಂದಿನಿಂದ ಅಜ್ಜಂದಿರ ತಿದ್ದುಪಡಿ.

ಯುದ್ಧಕ್ಕೆ ಇಷ್ಟು ತಾಪತ್ರಯವಿಲ್ಲ. ಭೀಮ, ದುರ್ಯೋಧನರು ಮೀಸೆ ತಿರುವಿ, ಬೈದಾಡಿ, ಅಟ್ಟದ ಹಲಗೆ ಅದುರುವಂತೆ ಕುಣಿದು ಗದೆ ತಾಗಿಸಿದರೆ ಮುಗಿಯಿತು. ದಾಳ ಉರುಳಿಸುವ ಪ್ರಶ್ನೆಯೇ ಇಲ್ಲ. ಬೀಳಬೇಕಾದವರ ಪಟ್ಟಿ ವ್ಯಾಸರ ಕಾಲದಲ್ಲೇ ಅಂತಿಮವಾಗಿದೆ. ಗದೆ ಎತ್ತಿದ ಹೊತ್ತಿಗೆ ಪಾತ್ರಧಾರಿಗೆ ಆಯೇರಿ, ಅಂದರೆ ಉಡುಗೊರೆ, ಬಂತೆಂದರೆ ಮಾತ್ರ ಕದನವಿರಾಮ: ಮಾವ ಕೊಟ್ಟ ಟವೆಲ್ಲು, ನೋಟು, ಹೆಸರುಸಮೇತ ಮೈಕಿನಲ್ಲಿ ಕೂಗಿಯಾಗಬೇಕು. ಪಾತ್ರಧಾರಿ ಊರ ಗೌಡನೇ ಆದರೂ ದುರ್ಯೋಧನನಿಗೆ ಸೋಲಿನಿಂದ ವಿನಾಯಿತಿಯಿಲ್ಲ. ಬೀಳುವುದನ್ನು ತುಸು ತಡ ಮಾಡಬಹುದು, ಅಷ್ಟೆ.